ಎರಡಡಿ ತಂತಿ

ಆಗಸ್ಟ್ 4, ಸೋಮವಾರ

ಈ ಮನೆಗೆ ಬಂದು ಇವತ್ತಿಗೆ ಒಂಬತ್ತು ದಿನ. ಇಲ್ಲಿ ಬೆಲ್ ಇಲ್ಲ. ನನಗೆ ಅದೇ ದೊಡ್ಡ ಪ್ರಾಬ್ಲಮ್.

ನಾಲ್ಕನೇ ಕ್ಲಾಸಿನಿಂದ ಹಾಸ್ಟೆಲ್. ಏಳುವುದಕ್ಕೆ, ತಿನ್ನುವುದಕ್ಕೆ, ಓದುವುದಕ್ಕೆ, ಲೈಟ್ ಆರಿಸುವುದಕ್ಕೆ ಎಲ್ಲಕ್ಕೂ ಬೆಲ್ ಕೇಳಿ ಅಭ್ಯಾಸ. ಅಪ್ಪನಿಗೆ ವರ್ಷಕ್ಕೊಂದು ಟ್ರಾನ್ಸ್‌ಫರ್, ಅಮ್ಮ ಅವರ ಜೊತೆ, ನಾನು ಟ್ರಂಕಿನ ಜೊತೆ. ಈಗ ಕಾಲೇಜ್ ಹಾಸ್ಟೆಲ್ಲಿನಲ್ಲಿ ಫಸ್ಟ್ ಇಯರ್‌ನವರಿಗೆ ಜಾಗವಿಲ್ಲ ಎಂದರು. ಅಪ್ಪ ತಮ್ಮ ಅಣ್ಣನಿಗೆ ಫೋನ್ ಮಾಡಿದರು, ಟ್ರಂಕು ದೊಡ್ಡಪ್ಪನ ಮಹಡಿಯ ರೂಮಿಗೆ ಬಂತು, ಅದರ ಹಿಂದೆ ನಾನೂ ಬಂದೆ. ದೊಡ್ಡಪ್ಪ, ದೊಡ್ಡಮ್ಮನನ್ನು ಇದಕ್ಕೆ ಮುಂಚೆ ನೋಡಿದ್ದು ಮೂರೋ ನಾಲ್ಕೋ ಸಲ. ಫೋಟೋದಲ್ಲಿ ಹೆಚ್ಚು ಪರಿಚಯ.

ನಿನ್ನೆ ಮಧ್ಯಾಹ್ನ ಊಟಕ್ಕೆ ಕೆಳಗೆ ಹೋಗಲಿಲ್ಲ. ಕರೆದರೆ ಹೋಗೋಣ ಎಂದುಕೊಂಡು ಕೂತಿದ್ದೆ. ಯಾರೂ ಕರೆಯಲಿಲ್ಲ. ನಾಲ್ಕು ಗಂಟೆಗೆ ದೊಡ್ಡಮ್ಮ ಮೆಟ್ಟಿಲು ಹತ್ತಿ ಬಂದು, ಮನೆಯವಳಿಗೆ ಇನ್ವಿಟೇಶನ್ ಕೊಡಬೇಕಾ ಅಂದರು. ಅದು ಜೋಕೋ ಬೈಗುಳವೋ ತಿಳಿಯಲಿಲ್ಲ. ಸಾರಿ ಎಂದೆ.

ಇವತ್ತು ಕಾಲೇಜಿನಿಂದ ಬಂದಾಗ ದೊಡ್ಡಪ್ಪ ಹಿಂದಿನ ಅಂಗಳದ ಮೆಟ್ಟಿಲ ಮೇಲೆ ಕೂತು ತಮ್ಮ ಹಳೆಯ ಮೋಟರ್‌ಸೈಕಲ್ಲನ್ನೇ ನೋಡುತ್ತಿದ್ದರು. ಅದು ಸ್ಟಾರ್ಟ್ ಆಗಿ ಒಂದೂವರೆ ವರ್ಷವಾಯಿತಂತೆ. ನಾನು ಮಹಡಿಯಲ್ಲೇ ವಾಕ್ಯ ರೆಡಿ ಮಾಡಿಕೊಂಡು ಇಳಿದಿದ್ದೆ: 'ದೊಡ್ಡಪ್ಪ, ಇದು ಯಾವ ವರ್ಷದ ಗಾಡಿ?' ಹೋಗಿ ಅವರ ಬಲಗಡೆ, ಕೈಯಳತೆಯಲ್ಲಿ ಕೂತೆ. ಒಳಗೆ ದೊಡ್ಡಮ್ಮನ ಹೊಲಿಗೆ ಮೆಷಿನ್ನು ಒಂದೇ ಸಮ ಓಡುತ್ತಿತ್ತು. ಹತ್ತು ನಿಮಿಷ ಕೂತಿದ್ದೆ. ಅವರು ನನ್ನ ಕಡೆ ತಿರುಗಲೇ ಇಲ್ಲ, ಯಾರೋ ಪಕ್ಕದಲ್ಲಿದ್ದಾರೆ ಎಂಬ ಗುರುತನ್ನೂ ತೋರಿಸಲಿಲ್ಲ. ಕಡೆಗೆ ನಾನೇ ಎದ್ದು ಮೇಲೆ ಬಂದೆ.

ಹಾಸ್ಟೆಲ್ಲಿನಲ್ಲಿ ಯಾರನ್ನಾದರೂ ಬೇಡವೆಂದರೆ ಹೀಗೇ ಮಾಡುತ್ತಿದ್ದರು. ಬಾಯಿ ಬಿಟ್ಟು ಹೇಳುವ ಕಷ್ಟವನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ.

ವಾಕ್ಯ ಹಾಗೇ ಉಳಿದಿದೆ.

ಆಗಸ್ಟ್ 6, ಬುಧವಾರ

ಬಟ್ಟೆ ಒಣಹಾಕಲು ಅಂಗಳಕ್ಕೆ ಹೋದೆ. ದೊಡ್ಡಪ್ಪ ಗಾಡಿಯ ಸೈಡ್ ಬಾಕ್ಸು ಬಿಚ್ಚುತ್ತಿದ್ದರು. ಸ್ಕ್ರೂ ಒಂದು ಜಾರಿ ಬಿತ್ತು. ಅವರು ನೆಲವನ್ನೆಲ್ಲ ತಡವಿದರು. ಅದು ಅವರ ಮಂಡಿಯ ಪಕ್ಕದಲ್ಲೇ ಇತ್ತು. ನಾನು ಎದುರಿಗೆ ಬಂದು ಎತ್ತಿಕೊಟ್ಟೆ. ಅವರು ಬೆಚ್ಚಿಬಿದ್ದು, ನೀನು ಯಾವಾಗ ಬಂದೆ ಮರಿ, ಬೆಕ್ಕಿನ ಹಾಗೆ ಓಡಾಡ್ತೀಯಲ್ಲ ಎಂದರು.

ಹಾಗೆ ಶುರುವಾಯಿತು.

ದೊಡ್ಡಪ್ಪ ಟೆಲಿಫೋನ್ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಲೈನ್‌ಮನ್. ಸೆಪ್ಟೆಂಬರ್ ಮೊದಲ ಭಾನುವಾರ ಹಳೆಯ ಲೈನ್‌ಮನ್‌ಗಳೆಲ್ಲ ವರ್ಷಕ್ಕೊಮ್ಮೆ ಸೇರುತ್ತಾರಂತೆ, ನಲವತ್ತು ಕಿಲೋಮೀಟರ್ ಆಚೆ, ಮುಚ್ಚಿಹೋದ ಎಕ್ಸ್‌ಚೇಂಜಿನ ಕಾಂಪೌಂಡಿನಲ್ಲಿ. ಹೋದ ವರ್ಷ ಗಾಡಿ ಕೆಟ್ಟಿತ್ತು, ದೊಡ್ಡಪ್ಪ ಹೋಗಲಿಲ್ಲ. ಈ ಸಲ ಗಾಡಿಯಲ್ಲೇ ಬರುತ್ತೇನೆ ಎಂದು ಫೋನಿನಲ್ಲಿ ಎಲ್ಲರಿಗೂ ಮಾತು ಕೊಟ್ಟಾಗಿದೆ. ಒಂದು ತಿಂಗಳಿದೆ. ಮೆಕ್ಯಾನಿಕ್ಕಿಗೆ ಕೊಡಬಹುದಲ್ಲ ಎಂದೆ. ಮೂವತ್ತೊಂದು ವರ್ಷ ಊರಿನ ಫಾಲ್ಟು ಹುಡುಕಿದವನು ನನ್ನ ಗಾಡಿ ಫಾಲ್ಟಿಗೆ ಇನ್ನೊಬ್ಬನ ಕಾಲು ಹಿಡೀಬೇಕಾ ಎಂದರು.

ಕೀ ತಿರುಗಿಸಿದರೆ ಏನೂ ಇಲ್ಲ. ಲೈಟಿಲ್ಲ, ಹಾರ್ನಿಲ್ಲ. ನಾನು ಫಿಸಿಕ್ಸಿನವಳ ಹಾಗೆ, ವೈರಿಂಗ್ ಎಲ್ಲಾ ಒಂದು ತುದಿಯಿಂದ ಚೆಕ್ ಮಾಡಬೇಕು ಅಲ್ವಾ ಎಂದೆ. ಅವರು ನಕ್ಕರು.

"ಒಂದು ತುದಿಯಿಂದ ಹೊರಟ್ರೆ ಪೆನ್ಷನ್ ಬರೋ ಹೊತ್ತಿಗೆ ಇನ್ನೊಂದು ತುದಿ ಸಿಗತ್ತೆ. ಮಧ್ಯಕ್ಕೆ ಹೋಗು. ಅಲ್ಲಿ ಕರೆಂಟ್ ಇದ್ಯಾ ನೋಡು. ಇದ್ರೆ ತೊಂದ್ರೆ ಮುಂದಿದೆ, ಇಲ್ದಿದ್ರೆ ಹಿಂದಿದೆ. ಉಳಿದಿದ್ರಲ್ಲಿ ಮತ್ತೆ ಅರ್ಧ. ಗೊತ್ತಾಯ್ತಾ?"

ಗೊತ್ತಾಯಿತು. ಕಾಲೇಜಿನಲ್ಲಿ ಇಡೀ ದಿನ ಏನೂ ಗೊತ್ತಾಗಿರಲಿಲ್ಲ.

ಆಗಸ್ಟ್ 9, ಶನಿವಾರ

ಬ್ಯಾಟರಿಯನ್ನು ಅಂಗಡಿಯಲ್ಲಿ ಚಾರ್ಜ್ ಮಾಡಿಸಿ ತಂದೆ. ಗಾಜಿನ ಫ್ಯೂಸು ಸುಟ್ಟಿತ್ತು. ಹೊಸದು ಹಾಕಿದೆವು, ಕೀ ತಿರುಗಿಸಿದೆ, ಪಟ್ ಎಂದು ಅದೂ ಹೋಯಿತು. ಸಾರಿ, ಸಾರಿ ಎಂದೆ. ನೀನೇನು ಫ್ಯೂಸಾ, ಸಾರಿ ಕೇಳೋಕೆ ಎಂದರು ದೊಡ್ಡಪ್ಪ.

ಅವರ ಹತ್ತಿರ ಒಂದು ಟೆಸ್ಟ್ ಲ್ಯಾಂಪ್ ಇದೆ. ಹಳೆಯ ಬಲ್ಬು, ಎರಡು ತುಂಡು ವೈರು, ತುದಿಗೆ ಕ್ಲಿಪ್ಪು. ಅದನ್ನು ಫ್ಯೂಸಿನ ಜಾಗಕ್ಕೆ ಸಿಕ್ಕಿಸಲು ಹೇಳಿದರು. ಶಾರ್ಟ್ ಇರುವವರೆಗೆ ಬಲ್ಬು ಜೋರಾಗಿ ಉರಿಯುತ್ತದೆ, ಫ್ಯೂಸು ದಂಡವಾಗುವುದಿಲ್ಲ. ಆಮೇಲೆ ವೈರಿನ ಗೊಂಚಲನ್ನು ಒಂದೊಂದು ಕಡೆ ಹಿಡಿದು ಅಲ್ಲಾಡಿಸುವುದು, ಬಲ್ಬಿನ ಮೇಲೆ ಕಣ್ಣಿಡುವುದು. ಕಣ್ಣು ನನ್ನದು, ಕೈ ಅವರದು. ಅವರು ಗಾಡಿಯ ಮುಂದೆ, ನಾನು ಹಿಂದೆ. ನಡುವೆ ನಾಲ್ಕಡಿ. ಆದರೂ ಅವರು ಬೆಟ್ಟದ ತುದಿಯಲ್ಲಿರುವವರ ಹಾಗೆ ಕೂಗಿದರು: "ಇದೀಯಾ?"

ನಾನು ಮೆಲ್ಲಗೆ ಹೂಂ ಎಂದೆ.

"ಹೂಂ ಅಂದ್ರೆ ಕಂಬದ ಮೇಲಿರೋನಿಗೆ ಕೇಳತ್ತಾ? ಆ ತುದೀಲಿ ಜನ ಇದಾರೋ ಇಲ್ವೋ ಗೊತ್ತಾಗದೆ ಲೈನು ಮುಟ್ಟೋ ಹಾಗಿಲ್ಲ. ಇದೀಯಾ ಅಂದ್ರೆ ಇದೀನಿ ಅನ್ಬೇಕು. ಇದೀಯಾ?"

"ಇದೀನಿ."

"ಊಟ ಮಾಡಿದೀಯಾ?"

ಮಾಡಿರಲಿಲ್ಲ. ಅಂಗಳದಾಚೆಯ ಮನೆಯವರಿಗೂ ಕೇಳುವ ಹಾಗೆ ಇನ್ನೂ ನಾಲ್ಕು ಸಲ ಇದೀನಿ ಎನ್ನಿಸಿದರು. ನಾಚಿಕೆಯಿಂದ ಸತ್ತುಹೋಗುವ ಹಾಗಾಯಿತು. ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಬಲ್ಬು ಮಂಕಾಯಿತು, ಬಲಕ್ಕೆ ತಿರುಗಿಸಿದರೆ ಮತ್ತೆ ಜೋರು. ಮಂಕಾಯಿತು ಎಂದು ನಾನೇ ಕೂಗಿದೆ. ಹ್ಯಾಂಡಲ್ಲಿನ ಕುತ್ತಿಗೆಯ ಹತ್ತಿರ ಹೆಡ್‌ಲೈಟಿನ ವೈರು ವರ್ಷಗಟ್ಟಲೆ ಉಜ್ಜಿ ಉಜ್ಜಿ ಸಿಪ್ಪೆ ಹರಿದು, ತಾಮ್ರ ಕಬ್ಬಿಣಕ್ಕೆ ತಾಗುತ್ತಿತ್ತು.

ಯಾವ ಬಣ್ಣದ ವೈರು ಎಂದು ಕೇಳಿದರು. ನೀಲಿ ಎಂದೆ. ನೀಲಿ ಎಂದು ಅವರೂ ಒಪ್ಪಿದರು.

ಆಗಸ್ಟ್ 10, ಭಾನುವಾರ

ಅಮ್ಮನ ಫೋನು. ನಾಲ್ಕು ನಿಮಿಷ. ಊಟ? ಓಕೆ. ಕಾಲೇಜು? ಓಕೆ. ಫ್ರೆಂಡ್ಸ್? ಓಕೆ. ಓಕೆ ಎಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಇದನ್ನು ಹಾಸ್ಟೆಲ್ಲಿನ ಮೊದಲ ವಾರವೇ ಕಲಿತಿದ್ದೆ. ಇನ್ನೊಂದನ್ನೂ ಕಲಿತಿದ್ದೆ: ಕಂಡದ್ದನ್ನು ವಾರ್ಡನ್ನಿಗೆ ಹೇಳಬಾರದು, ಏನೇ ಆಗಲಿ. ಹೇಳಿದವಳ ಪಕ್ಕದಲ್ಲಿ ವರ್ಷವಿಡೀ ಯಾರೂ ಕೂರುವುದಿಲ್ಲ.

ಗಾಡಿಯ ವಿಷಯ ಅಮ್ಮನಿಗೆ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅಲ್ಲಿ ಯಾರೋ ಕರೆದರು.

ಆಗಸ್ಟ್ 14, ಗುರುವಾರ

ಲ್ಯಾಬ್. ವೈವಾದಲ್ಲಿ ಉತ್ತರ ಗೊತ್ತಿತ್ತು, ಬಾಯಿಂದ ಬರಲಿಲ್ಲ. ಮೇಡಂ, ನಿಂಗೆ ಮೈಕ್ ಕೊಡಿಸ್ಬೇಕಾ ಎಂದರು. ಎಲ್ಲರೂ ನಕ್ಕರು. ನನ್ನ ಬೆಂಚಿನ ಉದ್ದ ಹುಡುಗಿ ನಗಲಿಲ್ಲವೋ, ನಕ್ಕು ಮುಗಿಸಿದ್ದಳೋ ಗೊತ್ತಿಲ್ಲ. ಮಧ್ಯಾಹ್ನದ ಬ್ರೆಡ್ಡನ್ನು ಮೆಟ್ಟಿಲ ಕೆಳಗೆ ನಿಂತು ತಿಂದೆ.

ಸಂಜೆ ಆರಕ್ಕೆ ಅಂಗಳದಿಂದ ಕೂಗು: ಇದೀಯಾ?

ಆಗಸ್ಟ್ 17, ಭಾನುವಾರ

ಇವತ್ತು ಲೈಟು ಬಂತು! ಬ್ಯಾಟರಿಯಿಂದ ಬಾಡಿಗೆ ಹೋಗುವ ಅರ್ಥ್ ವೈರಿನ ಬೋಲ್ಟು ಹಸಿರು ಹಿಡಿದು ಕೂತಿತ್ತು. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದೆ. ಹೆಡ್‌ಲೈಟು, ಇಂಡಿಕೇಟರು, ಕಡೆಗೆ ಹಾರ್ನು. ಒಂದೂವರೆ ವರ್ಷದ ಕೂಗನ್ನೆಲ್ಲ ಒಟ್ಟಿಗೆ ಕೂಗಿದಂತೆ ಕೂಗಿತು. ದೊಡ್ಡಪ್ಪ ನನ್ನ ತಲೆ ಸವರಿದರು. ತಲೆ ಸವರಿಸಿಕೊಂಡಾಗ ಏನು ಹೇಳಬೇಕೆಂದು ತಿಳಿಯದೆ ಥ್ಯಾಂಕ್ ಯೂ ಎಂದೆ. ನಿನ್ನ ಮಾತಿಗೆ ಬಾಡಿ ನಮ್ಮದು, ಸ್ಪೇರ್ ಪಾರ್ಟ್ಸೆಲ್ಲ ಹೊರಗಿನವು ಎಂದು ನಕ್ಕರು.

ಹಾರ್ನ್ ಕೇಳಿ ಒಳಗೆ ಹೊಲಿಗೆ ಮೆಷಿನ್ನು ನಿಂತಿತು. ದೊಡ್ಡಮ್ಮ ಹಿಂಬಾಗಿಲಿಗೆ ಬಂದು ನೋಡಿದರು. ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಸುಮ್ಮನೆ ನೋಡಿ ಒಳಗೆ ಹೋದರು. ಮೆಷಿನ್ನು ಮತ್ತೆ ಶುರುವಾಗಲು ತುಂಬಾ ಹೊತ್ತು ಹಿಡಿಯಿತು.

ಆದರೆ ಪ್ಲಗ್ಗಿನಲ್ಲಿ ಸ್ಪಾರ್ಕ್ ಇಲ್ಲ, ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ. ಪಾಯಿಂಟ್ ಕ್ಲೀನ್ ಮಾಡಿದೆ. ಹ್ಯಾಂಡಲ್ ಮೇಲಿನ ಸ್ವಿಚ್ ಬಿಚ್ಚಿ ಕ್ಲೀನ್ ಮಾಡಿದೆ. ಇಲ್ಲ. ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ಲೇ ಹೋಗಿರಬೇಕು, ಹೊಸದು ಹಾಕಿಬಿಡೋಣ ಎಂದು ಅವಸರ ಮಾಡಿದೆ. ಬೇಡ ಎಂದರು. ಅವರ ಕೆಲಸದಲ್ಲಿ ಒಂದು ರೂಲ್ ಇತ್ತಂತೆ: ಎರಡೂ ತುದಿ ಟೆಸ್ಟ್ ಮಾಡದೆ ಯಾರಿಗೂ ಕನೆಕ್ಷನ್ ಕೊಡುವಂತಿಲ್ಲ, ಎಂತಹ ದೊಡ್ಡ ಮನುಷ್ಯ ಬಂದು ನಿಂತರೂ.

ಅಮ್ಮನ ಫೋನು ಬಂದಾಗ ಕೈಯೆಲ್ಲ ಗ್ರೀಸು. ಆಮೇಲೆ ಮಾಡುತ್ತೇನೆ ಎಂದು ಇಟ್ಟೆ. ಮಾಡಲಿಲ್ಲ.

ಆಗಸ್ಟ್ 21, ಗುರುವಾರ

ಕಾಯಿಲ್ ಚೆನ್ನಾಗಿದೆ. ಅದಕ್ಕೆ ಕರೆಂಟೇ ಬರುತ್ತಿಲ್ಲ. ಕೀ ಹಾಕುವ ಸ್ವಿಚ್ಚಿನಿಂದ ಹೊರಡುವಾಗ ಇದೆ. ಟೆಸ್ಟ್ ಲ್ಯಾಂಪನ್ನು ಕಾಯಿಲ್ಲಿಗೆ ತಾಗಿಸಿದರೆ ಇಲ್ಲ. ನಡುವಿನ ವೈರು ಪೆಟ್ರೋಲ್ ಟ್ಯಾಂಕಿನ ಕೆಳಗೆ ಹೋಗುತ್ತದೆ. ಶನಿವಾರ ಟ್ಯಾಂಕ್ ಎತ್ತೋಣ ಎಂದರು. ಅವರ ಮುಖ ಹಬ್ಬದ ಹಿಂದಿನ ದಿನದ ಮಕ್ಕಳ ಮುಖದ ಹಾಗಿತ್ತು.

ಒಂದು ಸಣ್ಣ ವಿಷಯ. ನಾನು ಕೆಂಪು ವೈರು ಕೊಡಿ ಎಂದಾಗ ಅವರು ಕಂದು ಬಣ್ಣದ್ದನ್ನು ಎತ್ತಿದರು. ನಾನು ಮಾತಾಡದೆ ಕೆಂಪನ್ನು ನಾನೇ ತೆಗೆದುಕೊಂಡೆ. ಆಮೇಲೆ ಎದ್ದು ಹೋಗುವಾಗ ಪಕ್ಕದಲ್ಲಿಟ್ಟಿದ್ದ ಸ್ಟೂಲನ್ನು ಎಡವಿದರು. ಇದನ್ನು ಯಾವನು ಇಲ್ಲಿಟ್ಟಿದ್ದು ಎಂದು ಸ್ಟೂಲಿಗೇ ಬೈದರು. ವಯಸ್ಸಾಯಿತು, ಪಾಪ.

ಆಗಸ್ಟ್ 23, ಶನಿವಾರ

ನಿಧಾನವಾಗಿ ಬರೆಯಬೇಕು.

ದೊಡ್ಡಪ್ಪ ಗೆಳೆಯರೆದುರು ನೀಟಾಗಿ ಕಾಣಬೇಕೆಂದು ಕಟಿಂಗ್ ಮಾಡಿಸಲು ಹೋಗಿದ್ದರು. ಅವರು ಬರುವಷ್ಟರಲ್ಲಿ ಸರ್ಪ್ರೈಸ್ ಕೊಡೋಣ ಎಂದು ನಾನೊಬ್ಬಳೇ ಟ್ಯಾಂಕ್ ಎತ್ತಿದೆ. ಸ್ವಿಚ್ಚಿನಿಂದ ಕಾಯಿಲ್ಲಿಗೆ ಎರಡಡಿ ವೈರು. ನಡುವಿಗೆ ಹೋದೆ, ಅಲ್ಲಿಲ್ಲ. ಹಿಂದಿನ ಅರ್ಧದಲ್ಲಿ ಮತ್ತೆ ಅರ್ಧ. ಅಲ್ಲಿದೆ. ಉಳಿದದ್ದು ಅರ್ಧ ಅಡಿ. ಕಪ್ಪು ಟೇಪನ್ನು ಬಿಚ್ಚಿದೆ.

ವೈರು ಎರಡು ತುಂಡಾಗಿತ್ತು. ಇಲಿ ಕಡಿದಿರಬೇಕು ಎಂದುಕೊಂಡೆ. ಆದರೆ ಎರಡೂ ತುದಿಗಳನ್ನು ಹಿಂದಕ್ಕೆ ಮಡಚಿ, ಒಂದೊಂದಕ್ಕೂ ದಪ್ಪ ಬಟ್ಟೆಯ ಪುಟ್ಟ ಟೋಪಿ ಹಾಕಿ, ಕೈಯಿಂದ ಹೊಲಿದಿತ್ತು. ಒತ್ತೊತ್ತಾದ ಸಣ್ಣ ಹೊಲಿಗೆ. ಕೊನೆಯಲ್ಲಿ ದಾರವನ್ನು ಮೂರು ಸುತ್ತು ಸುತ್ತಿ ಹಾಕಿದ ಗಂಟು. ಇಲಿ ಸೂಜಿ ಪೋಣಿಸುವುದಿಲ್ಲ. ಆ ಗಂಟನ್ನು ನಾನು ಹೋದ ವಾರವಷ್ಟೇ, ದೊಡ್ಡಮ್ಮ ಹೊಲಿದುಕೊಟ್ಟ ನನ್ನ ಯೂನಿಫಾರ್ಮ್ ಕೋಟಿನ ಗುಂಡಿಯ ಕೆಳಗೆ ನೋಡಿದ್ದೆ.

ತಲೆಯೆತ್ತಿದರೆ ದೊಡ್ಡಮ್ಮ ಹಿಂಬಾಗಿಲಲ್ಲಿ ನಿಂತಿದ್ದರು. ಕುತ್ತಿಗೆಯಲ್ಲಿ ಅಳತೆ ಟೇಪು.

ಅವರು ಅಳಲಿಲ್ಲ, ಸಿಟ್ಟೂ ಆಗಲಿಲ್ಲ. ಬಂದು ಮೆಟ್ಟಿಲ ಮೇಲೆ ಕೂತು ಹೇಳಿದರು. ಒಂದೂವರೆ ವರ್ಷದ ಹಿಂದೆ ಇಬ್ಬರೂ ಗಾಡಿಯಲ್ಲಿ ಬರುವಾಗ ರಸ್ತೆ ಬದಿಯ ಹೆಂಗಸೊಬ್ಬಳ ಬುಟ್ಟಿಗೆ ಹ್ಯಾಂಡಲ್ ತಗುಲಿತು. ಬುಟ್ಟಿ ರಸ್ತೆಪಾಲಾಯಿತು, ಅವಳಿಗೆ ಏನೂ ಆಗಲಿಲ್ಲ. ಓಡಿ ಬಂದು ಅಡ್ಡ ಸಿಕ್ಕಳು ಎಂದು ದೊಡ್ಡಪ್ಪ ಇವತ್ತಿಗೂ ಹೇಳುತ್ತಾರೆ.

"ಅವಳು ಓಡಿ ಬರ್ಲಿಲ್ಲ ಕಣೇ. ನಿಂತಿದ್ದಳು. ಹಿಂದಿನ ಸೀಟಲ್ಲಿ ಕೂತಿದ್ದ ನಂಗೆ ದೂರದಿಂದ ಕಾಣಿಸ್ತಿದ್ಲು."

ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರಂತೆ. ಎರಡು ಪಕ್ಕದ ನೋಟವೂ ಹೋಗಿದೆ, ಹೋಗಿದ್ದು ಬರುವುದಿಲ್ಲ, ಉಳಿದದ್ದಕ್ಕೆ ದಿನಾ ಡ್ರಾಪ್ಸ್ ಹಾಕಬೇಕು, ಇನ್ನು ಗಾಡಿ ಮುಟ್ಟಬೇಡಿ ಎಂದರಂತೆ ಡಾಕ್ಟರು. ಹೊರಗೆ ಬಂದು ದೊಡ್ಡಪ್ಪ, ಡಾಕ್ಟರಿಗೇ ಕನ್ನಡಕ ಬೇಕು ಎಂದು ಮಾತು ಮುಗಿಸಿದರು. ಮಾರನೆಯ ದಿನ ಮತ್ತೆ ಗಾಡಿ ತೆಗೆದರು. ಅದರ ಮಾರನೆಯ ದಿನ ದೊಡ್ಡಮ್ಮ ಬಟ್ಟೆ ಕತ್ತರಿ ತೆಗೆದುಕೊಂಡು ಅಂಗಳಕ್ಕೆ ಹೋದರು. ಯಾವ ವೈರು ಎಂದು ತೋರಿಸಿಕೊಟ್ಟವರು ದೊಡ್ಡಪ್ಪನೇ. ಹೊಸದಾಗಿ ಮದುವೆಯಾಗಿದ್ದಾಗ ದಾರಿಯಲ್ಲಿ ಗಾಡಿ ನಿಂತು, ಟ್ಯಾಂಕ್ ಎತ್ತಿ ತೋರಿಸಿ, ಇದೊಂದು ಕಟ್ಟಾದರೆ ಗಾಡಿ ಬರೀ ಕಬ್ಬಿಣ ಎಂದಿದ್ದರಂತೆ. ತಾಮ್ರ ಎಲ್ಲಾದರೂ ತಾಗಿ ಬೆಂಕಿ ಹತ್ತಿದರೆ ಎಂದು ಹೆದರಿ ಬಟ್ಟೆ ಹೊಲಿದರಂತೆ.

ನೀವೇ ಅವರಿಗೆ ನೇರವಾಗಿ ಹೇಳಬಹುದಿತ್ತಲ್ಲ ಎಂದು ಕೇಳಿದೆ.

"ಗಾಡಿ ಕೆಟ್ಟಿದೆ ಅಂದ್ರೆ ತಡ್ಕೋತಾರೆ. ತಾನು ಕೆಟ್ಟಿದೀನಿ ಅಂದ್ರೆ ತಡ್ಕೊಳ್ಳಲ್ಲ." ಎದ್ದು ಸೆರಗು ಕೊಡವಿಕೊಂಡರು. "ಹೇಳ್ಬೇಡ ಅಂತ ನಾನು ಹೇಳಲ್ಲ. ನೀನು ಸಣ್ಣವಳಲ್ಲ. ಗೇಟಿನಾಚೆ ಸಾಯಂಕಾಲ ಸ್ಕೂಲ್ ಮಕ್ಕಳು ಸೈಕಲ್ ತುಳೀತಾ ಬರ್ತವೆ, ಅಷ್ಟು ನೆನಪಿಟ್ಕೋ."

ದೊಡ್ಡಪ್ಪ ಬಂದಾಗ ಟ್ಯಾಂಕು ಮೊದಲಿನ ಹಾಗೇ ಇತ್ತು, ಟೇಪೂ ಸುತ್ತಿತ್ತು. ಸಿಕ್ಕಿತಾ ಎಂದರು. ಇನ್ನೂ ಇಲ್ಲ ಎಂದೆ. ಎಷ್ಟು ಸಲೀಸಾಗಿ ಬಂತು.

ಆಗಸ್ಟ್ 24, ಭಾನುವಾರ

ತಿಂಗಳ ಮೊದಲ ಸೋಮವಾರ ನೆನಪಾಯಿತು. ಮೆಟ್ಟಿಲ ಮೇಲೆ ಅವರ ಬಲಗಡೆ ಕೂತಿದ್ದೆನಲ್ಲ, ಹತ್ತು ನಿಮಿಷ.

ಅವರಿಗೆ ನಾನು ಕಂಡೇ ಇರಲಿಲ್ಲ.

ಆಗಸ್ಟ್ 27, ಬುಧವಾರ

ಸಿಕ್ಕಿತಾ? ಇಲ್ಲ. ಸಿಕ್ಕಿತಾ? ಹುಡುಕ್ತಾ ಇದೀನಿ.

ವೈರು ಜೋಡಿಸಿದರೆ ಅವರು ಹೊರಡುತ್ತಾರೆ, ನಲವತ್ತು ಕಿಲೋಮೀಟರ್, ಎರಡೂ ಪಕ್ಕ ಕಾಣದೆ. ಯಾರಿಗಾದರೂ ಏನಾದರೂ ಆದರೆ ಜೋಡಿಸಿದ ಕೈ ನನ್ನದು. ಜೋಡಿಸದಿದ್ದರೆ ದಿನಾ ಅವರ ಮುಖ ನೋಡಿ ಸುಳ್ಳು ಹೇಳಬೇಕು. ನಿಜ ಹೇಳಿದರೆ ದೊಡ್ಡಮ್ಮನನ್ನು ಹಿಡಿದುಕೊಟ್ಟಂತೆ.

ಇನ್ನೂ ಒಂದಿದೆ. ಇಲ್ಲಿ ಬರೆಯದಿದ್ದರೆ ಎಲ್ಲಿ ಬರೆಯಲಿ. ಫಾಲ್ಟು ಸಿಗದಿದ್ದರೆ ನನಗೆ ಒಳ್ಳೆಯದು. ಗಾಡಿ ಸರಿಹೋದ ಮೇಲೆ ಸಂಜೆ ಆರಕ್ಕೆ ನನ್ನನ್ನು ಯಾರು ಕೂಗುತ್ತಾರೆ?

ಆಗಸ್ಟ್ 30, ಶನಿವಾರ

ಇವತ್ತು ಸಂಜೆ ದೊಡ್ಡಪ್ಪ ಟೆಸ್ಟ್ ಲ್ಯಾಂಪಿನ ವೈರನ್ನು ಕೈಗೆ ಸುತ್ತಿಕೊಳ್ಳುತ್ತಾ ಕೂತಿದ್ದರು. ನಾನು ಟ್ಯಾಂಕಿನ ಕೆಳಗೆ ಟಾರ್ಚ್ ಬಿಟ್ಟು ಹುಡುಕುವ ನಾಟಕ ಮಾಡುತ್ತಿದ್ದೆ.

"ಮರಿ, ಸ್ವಿಚ್ಚಲ್ಲಿ ಕರೆಂಟ್ ಇದೆ ಅಂದೆ."

ಹೌದು ಎಂದೆ.

"ಕಾಯಿಲ್ಲಲ್ಲಿ ಇಲ್ಲ ಅಂದೆ."

ಹೌದು.

"ಮಧ್ಯ ಎರಡಡಿ ತಂತಿ. ಅರ್ಧ ಮಾಡಿದ್ರೆ ಒಂದಡಿ, ಇನ್ನರ್ಧ ಮಾಡಿದ್ರೆ ಅರ್ಧ ಅಡಿ, ಇನ್ನೊಂದ್ಸಲ ಮಾಡಿದ್ರೆ ನಿನ್ನ ಬೆರಳುದ್ದ. ಮೂರು ಸಲ ಮುಟ್ಟೋ ಕೆಲ್ಸ. ಅದಕ್ಕೆ ಏಳು ದಿನ ಯಾಕ್ ಬೇಕು?"

ಟಾರ್ಚ್ ಆರಿಸಿದೆ. ಅವರೇ ಕಲಿಸಿದ ಲೆಕ್ಕ. ಅದರಲ್ಲಿ ಸುಳ್ಳಿಗೆ ಜಾಗವೇ ಇಲ್ಲವೆಂದು ನನಗೆ ಹೊಳೆದಿರಲಿಲ್ಲ. ಹಾಸ್ಟೆಲ್ಲಿನಲ್ಲಾದರೆ ಇಷ್ಟು ಹೊತ್ತಿಗೆ ತಲೆನೋವು ಎಂದು ಸಿಕ್ ರೂಮಿಗೆ ಹೋಗಿರುತ್ತಿದ್ದೆ.

ಯಾರ ಹೆಸರೂ ಹೇಳಲಿಲ್ಲ. ಟ್ಯಾಂಕ್ ಎತ್ತಿ, ಟೇಪು ಬಿಚ್ಚಿ, ಅವರ ಕೈ ಹಿಡಿದು ವೈರಿನ ಹತ್ತಿರ ತೆಗೆದುಕೊಂಡು ಹೋಗಿ, ನೀವೇ ಮುಟ್ಟಿ ನೋಡಿ ಎಂದೆ. ಅವರ ಬೆರಳುಗಳು ಒಂದು ತುದಿಯನ್ನು ಹಿಡಿದವು, ಇನ್ನೊಂದನ್ನು ಹಿಡಿದವು, ಬಟ್ಟೆಯ ಮೇಲೆ ಹೋದವು, ಗಂಟಿನ ಮೇಲೆ ನಿಂತವು. ಒಳಗಿನಿಂದ ಮೆಷಿನ್ನಿನ ಶಬ್ದ ಬರುತ್ತಲೇ ಇತ್ತು.

ಅವರು ತುಂಬಾ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಬೆರಳನ್ನು ಪಂಚೆಗೆ ಒರೆಸಿಕೊಂಡು, ನಾಳೆ ಜೋಡಿಸು ಎಂದು ಒಳಗೆ ಹೋದರು. ಊಟದ ಹೊತ್ತಿನಲ್ಲಿ ನೀರಿನ ಲೋಟ ಇಡುವ ಸದ್ದಿಗೂ ಬೆಚ್ಚುತ್ತಿದ್ದೆ. ಈ ಮನೆಯಲ್ಲಿ ಇನ್ನು ನನ್ನ ಪಕ್ಕ ಯಾರೂ ಕೂರುವುದಿಲ್ಲ.

ಆಗಸ್ಟ್ 31, ಭಾನುವಾರ

ಬೆಳಗ್ಗೆ ಎಂಟಕ್ಕೇ ಅವರು ಅಂಗಳದಲ್ಲಿದ್ದರು. ಸೋಲ್ಡರ್ ಕಡ್ಡಿ ಬಿಸಿಯಾಗಲು ಇಟ್ಟಾಗಿತ್ತು. ನಾನು ರಾತ್ರಿಯೆಲ್ಲ ವಾಕ್ಯ ರೆಡಿ ಮಾಡಿದ್ದೆ, ನಾಲ್ಕು ಥರ. ಅಲ್ಲಿ ಹೋದ ಮೇಲೆ ನಾಲ್ಕೂ ಮರೆತುಹೋದವು.

"ಜೋಡಿಸ್ತೀನಿ ದೊಡ್ಡಪ್ಪ. ಆದ್ರೆ ಎರಡೂ ತುದಿ ಟೆಸ್ಟ್ ಮಾಡದೆ ಕನೆಕ್ಷನ್ ಕೊಡೋ ಹಾಗಿಲ್ಲ ಅಂದಿದ್ರಿ. ತಂತಿದು ಆಯ್ತು. ನಿಮ್ಮದು ಆಗಿಲ್ಲ."

ಅವರು ನನ್ನನ್ನು ನೋಡಿದರು. ಬೈಯುತ್ತಾರೆ, ಅಪ್ಪನಿಗೆ ಫೋನ್ ಮಾಡುತ್ತಾರೆ, ಟ್ರಂಕ್ ಇಳಿಸುತ್ತಾರೆ, ಎಲ್ಲಾ ಒಂದೇ ಸಲ ತಲೆಯಲ್ಲಿ ಓಡಿತು. ಅವರು ಬೈಯಲಿಲ್ಲ. ಕಾಲೆತ್ತಿ ಗಾಡಿಯ ಮೇಲೆ ಕೂತು, ಎರಡು ಕೈಯಲ್ಲೂ ಹ್ಯಾಂಡಲ್ ಹಿಡಿದು, ಹೂಂ, ಮಾಡು ಎಂದರು.

ಗೇಟನ್ನೇ ನೋಡಿ, ಕತ್ತು ತಿರುಗಿಸಬೇಡಿ, ನಾನು ಕಾಣುವವರೆಗೆ ಕಂಡೆ ಎನ್ನಿ ಎಂದೆ. ಚಪ್ಪಲಿ ಬಿಟ್ಟೆ. ಗೇಟಿನ ಮುಂದೆ ನಿಂತೆ. ಕಂಡೆ ಎಂದರು. ಅವರ ಬಲಕ್ಕೆ ಎರಡು ಹೆಜ್ಜೆ. ಕಂಡೆ. ಇನ್ನೂ ಎರಡು. ಕಂಡೆ. ನೀರಿನ ಡ್ರಮ್ಮಿನ ಹತ್ತಿರ ಬಂದೆ. ಏನೂ ಹೇಳಲಿಲ್ಲ. ಗಾಡಿಯ ಕನ್ನಡಿಗೂ ಡ್ರಮ್ಮಿಗೂ ನಡುವೆ ಅರ್ಧಕ್ಕೆ ಬಂದೆ. ಇಲ್ಲ. ಅವರ ಹತ್ತಿರ ಹತ್ತಿರ ಬಂದು, ಕೈ ಚಾಚಿದರೆ ತೋಳು ಮುಟ್ಟುವಷ್ಟು ಹತ್ತಿರ ನಿಂತೆ. ಅವರು ಗೇಟನ್ನೇ ನೋಡುತ್ತಿದ್ದರು. ಖಾಲಿ ಗೇಟು.

"ಇದೀಯಾ?"

ಕೂಗಲಿಲ್ಲ. ಮೆಲ್ಲಗೆ ಕೇಳಿದರು.

"ಇದೀನಿ ದೊಡ್ಡಪ್ಪ. ಇಲ್ಲೇ ಇದೀನಿ."

ಇನ್ನೊಂದು ಪಕ್ಕ ನೋಡು ಎಂದು ಅವರೇ ಹೇಳಿದರು. ಮಾಡಿದೆ. ಎಡಗಡೆ ಇನ್ನೂ ಬೇಗ ಮಾಯವಾದೆ. ಎಲ್ಲಿವರೆಗೆ ಬಂತು ಎಂದು ಕೇಳಿದರು. ಇಟ್ಟಿಗೆ ಚೂರಿನಿಂದ ನೆಲದ ಮೇಲೆ ಎರಡು ಗೀಟು ಎಳೆದು, ಅವರನ್ನು ಇಳಿಸಿ ತೋರಿಸಿದೆ. ಎರಡರ ನಡುವೆ ಬಾಗಿಲಗಲದ ಜಾಗ. ಅವರು ಒಂದು ಗೀಟಿನಿಂದ ಇನ್ನೊಂದಕ್ಕೆ ನಡೆದು ನೋಡಿದರು. ಮತ್ತೆ ನಡೆದರು. ಇಷ್ಟೇನಾ ಎಂದರು, ನನ್ನನ್ನಲ್ಲ.

"ಸರಿ. ಈಗ ತಂತಿ ಜೋಡಿಸು."

ನಾನು ಅಲ್ಲೇ ನಿಂತೆ.

"ಜೋಡಿಸು ಮರಿ. ಫಾಲ್ಟ್ ಸಿಕ್ಕಿದ್ಮೇಲೆ ಲೈನನ್ನ ಹಾಗೇ ಬಿಟ್ಟು ಹೋದವನಲ್ಲ ನಾನು."

ಹೊಲಿಗೆ ಬಿಚ್ಚಿದೆ. ಟೋಪಿಗಳನ್ನು ಅವರು ತಮ್ಮ ಜೇಬಿಗೆ ಹಾಕಿಕೊಂಡರು. ಬೆಸುಗೆ ಹಾಕಿದೆ, ಟೇಪು ಸುತ್ತಿದೆ. ಅವರು ಮತ್ತೆ ಗಾಡಿಯ ಮೇಲೆ ಕೂತು ಒದ್ದರು, ಏಳನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಕಿವಿ ಕಿತ್ತುಹೋಗುವ ಸದ್ದು, ಅಂಗಳ ತುಂಬ ಹೊಗೆ. ದೊಡ್ಡಮ್ಮ ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದರು. ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ದೊಡ್ಡಪ್ಪ ಕೂತಲ್ಲೇ ಕಣ್ಣು ಮುಚ್ಚಿಕೊಂಡು ಸದ್ದು ಕೇಳಿದರು. ಸ್ವಲ್ಪ ಏರಿಸಿದರು, ಇಳಿಸಿದರು. ಒಂದು ಬೀಟ್ ಎಲ್ಲಾದರೂ ತಪ್ಪುತ್ತದೆಯೋ ಎಂದು ಹುಡುಕುವ ಹಾಗೆ ತಲೆ ವಾಲಿಸಿದ್ದರು. ಆಮೇಲೆ ಆಫ್ ಮಾಡಿ, ಕೀ ತೆಗೆದು, ಇಳಿದು, ಎದುರಿಗೆ ನಡೆದು ಹೋಗಿ ದೊಡ್ಡಮ್ಮನ ಕೈಗೆ ಕೊಟ್ಟರು.

"ಹೊಲಿಗೆ ಚೆನ್ನಾಗಿತ್ತು" ಎಂದರು.

ದೊಡ್ಡಮ್ಮ ಕತ್ತರಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಅದನ್ನು ನ​ನಗೆ ಕೊಟ್ಟರು.

ಸೆಪ್ಟೆಂಬರ್ 3, ಬುಧವಾರ

ಮೂರು ದಿನದಿಂದ ದೊಡ್ಡಪ್ಪ ಅಂಗಳಕ್ಕೆ ಬಂದಿಲ್ಲ. ರೂಮಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾರೆ. ದೊಡ್ಡಮ್ಮ ಡ್ರಾಪ್ಸ್ ಹಾಕಲು ಹೋದರೆ ಮಾತಾಡದೆ ಕಣ್ಣು ತೆರೆದುಕೊಡುತ್ತಾರಂತೆ. ಕೀ ಅಡುಗೆಮನೆಯ ಮೊಳೆಯಲ್ಲಿದೆ, ಜರಡಿಯ ಪಕ್ಕ. ಸಂಜೆ ಆರು ಗಂಟೆ ಸುಮ್ಮನೆ ಬಂದು ಸುಮ್ಮನೆ ಹೋಗುತ್ತದೆ.

ಹಸಿವಾಗಿತ್ತು, ಹೋಗಿ ಮೂವರಿಗೂ ಮೊಟ್ಟೆ ಬೇಯಿಸಿದೆ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹುಡುಕಿದ್ದೇ ಹೆಚ್ಚು.

ಲ್ಯಾಬಿನಲ್ಲಿ ಉದ್ದ ಹುಡುಗಿಯ ಸರ್ಕ್ಯೂಟ್ ಕೆಲಸ ಮಾಡಲಿಲ್ಲ, ಎಲ್ಲಾ ಬಿಚ್ಚಲು ಹೊರಟಿದ್ದಳು. ಮಧ್ಯದಲ್ಲಿ ನೋಡು ಎಂದೆ. ಸಿಕ್ಕಿತು. ಆ ಕಡೆಯ ಬೆಂಚಿನವರೆಲ್ಲ ಯಾಕೆ ತಿರುಗಿ ನೋಡಿದರೋ ಗೊತ್ತಿಲ್ಲ. ಮೇಡಂ ಕೂಡ ನೋಡಿದರು.

ಭಾನುವಾರ ಏನು ಮಾಡುತ್ತಾರೋ.

ಸೆಪ್ಟೆಂಬರ್ 7, ಭಾನುವಾರ

ಬೆಳಗ್ಗೆ ಏಳಕ್ಕೆ ಕೆಳಗಿನಿಂದ ಕೂಗು. ಇಳಿದು ನೋಡಿದರೆ ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ ನಿಂತಿದ್ದಾರೆ. ಎಂಟೂಕಾಲಿಗೆ ಬಸ್ಸಿದೆ, ಬರ್ತೀಯಾ ಎಂದರು. ನಾಳೆ ಕಾಲೇಜಿನಲ್ಲಿ ಟೆಸ್ಟ್ ಇದೆ. ಹೋದೆ.

ಬಸ್ಸಿನಲ್ಲಿ ಅವರನ್ನು ಕಿಟಕಿಗೆ ಕೂರಿಸಿ ನಾನು ಎಡಗಡೆ ಕೂತೆ. ಆ ಪಕ್ಕವೇ ಹೆಚ್ಚು ಹೋಗಿರುವುದು. ದಾರಿಯುದ್ದಕ್ಕೂ ಹಳೆಯ ಕಂಬಗಳು, ತಂತಿಯಿಲ್ಲದವು. ಅವರು ಒಂದೊಂದನ್ನೂ ಹೊರಗೆ ಹುಡುಕುತ್ತಿದ್ದರು, ಎಷ್ಟು ಕಂಡವೋ ನಾನು ಕೇಳಲಿಲ್ಲ. ಕಾಂಪೌಂಡಿನಲ್ಲಿ ಹನ್ನೊಂದು ಜನ ಮುದುಕರು. ಗಾಡಿ ಎಲ್ಲೋ ಎಂದು ಎಲ್ಲರೂ ಒಂದೇ ಸಮ ಶುರುಮಾಡಿದರು. ದೊಡ್ಡಪ್ಪ, ಗಾಡಿ ಫಸ್ಟ್ ಕ್ಲಾಸಾಗಿದೆ, ಓಡಿಸೋನು ಕೆಟ್ಟಿದಾನೆ ಎಂದರು. ಅವರೆಲ್ಲ ಬಿದ್ದು ಬಿದ್ದು ನಕ್ಕರು. ಒಬ್ಬರು ತಮ್ಮ ಕಿವಿಯ ಮೆಷಿನ್ ತೆಗೆದು ತೋರಿಸಿದರು. ಇನ್ನೊಬ್ಬರು ಮಂಡಿ ತೋರಿಸಿದರು. ದೊಡ್ಡಪ್ಪನೂ ನಕ್ಕರು, ಎಲ್ಲರಿಗಿಂತ ಸ್ವಲ್ಪ ಮುಂಚೆ ನಿಲ್ಲಿಸಿದರು.

ವಾಪಸ್ ಬಂದಾಗ ಐದೂವರೆ. ದೊಡ್ಡಮ್ಮ ಗಾಡಿಗೆ ಹೊಸ ಕವರ್ ಹೊಲಿದು ಹಾಕಿದ್ದರು. ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿಡು, ಬ್ಯಾಟರಿ ಸಾಯಬಾರದು ಎಂದು ನನಗೆ ಹೇಳಿದರು. ಅಮ್ಮನ ಫೋನ್ ಬಂತು. ಓಕೆ ಎನ್ನಲು ಹೋಗಿ, ಅಲ್ಲ ಅಮ್ಮ, ಒಂದು ನಿಮಿಷ ಇರು, ಹೇಳೋದಿದೆ ಎಂದೆ. ಇಪ್ಪತ್ತು ನಿಮಿಷವಾಯಿತು.

ಆರು ಗಂಟೆಗೆ ಅಂಗಳದಲ್ಲಿ ಮಾಡುವ ಕೆಲಸ ಏನೂ ಇರಲಿಲ್ಲ. ಆದರೂ ಹೋದೆ. ದೊಡ್ಡಪ್ಪ ಮೆಟ್ಟಿಲ ಮೇಲೆ ಕೂತು, ಕವರ್ ಹೊದ್ದ ಗಾಡಿಯ ಕಡೆ ನೋಡುತ್ತಿದ್ದರು. ನೆಲದ ಮೇಲೆ ಇಟ್ಟಿಗೆಯ ಎರಡು ಗೀಟು ಇನ್ನೂ ಅಳಿಸಿರಲಿಲ್ಲ. ಹೋಗಿ ಅವರ ಬಲಗಡೆ ಕೂತೆ. ಅವರು ತಿರುಗಲಿಲ್ಲ.

"ಇದೀನಿ" ಎಂದೆ.